ಮುಕ್ಕಾಲಿ ಏರಿದ ಸೊಸೆ

ಊದುಬತ್ತಿ ಕಾರ್ಖಾನೆಯ ಮೇಸ್ತ್ರಿ ಕೆಲಸವೆಂದರೆ ದಿವಾನಗಿರಿಯೇನಲ್ಲ. ಕೂರಲು ಒಂದು ಮುಕ್ಕಾಲಿ, ಸೊಂಟದಲ್ಲಿ ಒಂದು ಬೀಗದ ಕೈ, ಬೈಯಲು ಇಪ್ಪತ್ತೆಂಟು ಹೆಂಗಸರು, ಅಷ್ಟೇ. ಆದರೆ ಆ ಮುಕ್ಕಾಲಿಯ ಮೇಲೆ ಒಬ್ಬ ಹೆಂಗಸು ಕೂತಳು ಅಂದ ಕೂಡಲೇ ಹೊಸಕೆರೆಹಳ್ಳಿಯಿಂದ ಯಡಿಯೂರಿನ ತನಕ ಜನ ಅದನ್ನು ದಿವಾನಗಿರಿ ಮಾಡಿಯೇಬಿಟ್ಟರು. "ಕಲಿಗಾಲ ಕಣಪ್ಪಾ" ಅಂದವರು ಕೆಲವರು. "ಇನ್ನೇನು, ಗಂಡಸರು ಬಳೆ ತೊಟ್ಕೋಬೇಕು" ಅಂದವರು ಹಲವರು. ಹೀಗಂದವರಲ್ಲಿ ಒಬ್ಬನಿಗಾದರೂ ಒಂದು ಬತ್ತಿಯನ್ನು ನೆಟ್ಟಗೆ ಹೊಸೆಯಲು ಬರುತ್ತಿತ್ತೇ? ಅದನ್ನು ಮಾತ್ರ ಕೇಳಬೇಡಿ.

ಗುರುಶಾಂತಪ್ಪನವರ ಶೆಡ್ಡು ಇದ್ದದ್ದು ಕನಕಪುರ ರಸ್ತೆಯ ಮಗ್ಗುಲಲ್ಲಿ, ಬನಶಂಕರಿ ಗುಡಿಯ ಕೂಗಳತೆಯಲ್ಲಿ. ಅದು ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿ. ಆಚೆ ಜಯನಗರದಲ್ಲಿ ದಿನಕ್ಕೊಂದು ಮನೆ ಏಳುತ್ತಿತ್ತು, ಈಚೆ ಹೊಸಕೆರೆಹಳ್ಳಿಯಲ್ಲಿ ಇನ್ನೂ ರಾಗಿ ಹೊಲ ಹಸಿರಾಗಿತ್ತು. ಗಂಡಸರು ಆ ಮನೆಗಳಿಗೆ ಕಲ್ಲು ಹೊರಲು ಹೋದರೆ, ಹೆಂಗಸರು ಗುರುಶಾಂತಪ್ಪನವರ ಶೆಡ್ಡಿಗೆ ಬತ್ತಿ ಹೊಸೆಯಲು ಹೋಗುತ್ತಿದ್ದರು. ಮುಂದೆ ಒಂದು ಹಲಗೆ, ಪಕ್ಕದಲ್ಲಿ ಇದ್ದಿಲ ಪುಡಿ ಕಲಸಿದ ಕರಿ ಮಸಾಲೆಯ ಉಂಡೆ. ಉಂಡೆಯಿಂದ ಚೂರು ಕಿತ್ತು, ಬಿದಿರ ಕಡ್ಡಿಗೆ ಹಚ್ಚಿ, ಹಲಗೆಯ ಮೇಲೆ ಅಂಗೈಯಲ್ಲಿ ಉರುಳಿಸಬೇಕು. ಎಲ್ಲ ಬತ್ತಿಯೂ ಒಂದೇ ಸಮ ಇರಬೇಕು. ನೂರು ಬತ್ತಿಗೆ ಒಂದು ಕಟ್ಟು. ಯಾರದು ಯಾವುದೆಂದು ಗೊತ್ತಾಗಲೆಂದು ಪ್ರತಿಯೊಬ್ಬಳೂ ತನ್ನ ಹಳೇ ಸೀರೆಯ ಹರಕಿನಲ್ಲೇ ತನ್ನ ಕಟ್ಟು ಕಟ್ಟುತ್ತಿದ್ದಳು. ಸಂಜೆ ಮೇಸ್ತ್ರಿ ಒಬ್ಬೊಬ್ಬರನ್ನೇ ಕರೆದು ಕಟ್ಟು ಬಿಚ್ಚಿ ನೋಡುತ್ತಾನೆ. ಚೆನ್ನಾಗಿದ್ದರೆ ಬುಟ್ಟಿಗೆ, ಇಲ್ಲದಿದ್ದರೆ ವಾಪಸ್ಸು.

ಹದಿನಾಲ್ಕು ವರ್ಷ ಆ ಮುಕ್ಕಾಲಿ ಪರಮಶಿವಯ್ಯ ಎಂಬವರದಾಗಿತ್ತು. ಕೆಲಸದಲ್ಲಿ ಪುಣ್ಯಾತ್ಮ ಚೊಕ್ಕ, ಬಾಯಿ ಮಾತ್ರ ಕೊಳಕು. ಹದಿನಾಲ್ಕು ವರ್ಷದಲ್ಲಿ ಒಬ್ಬ ಹೆಂಗಸಿನ ಹೆಸರನ್ನೂ ಅವರು ಕಲಿಯಲಿಲ್ಲ. "ಏಯ್ ಹೊಸಕೆರೆಹಳ್ಳಿ! ಏಯ್ ಮೂಗುತಿ! ಏಯ್ ಗೂನುಬೆನ್ನು!" ಎಂದು ಕರೆಯುತ್ತಿದ್ದರು. ಕಟ್ಟು ಚೆನ್ನಾಗಿಲ್ಲದಿದ್ದರೆ ಕರೆದವಳ ಮುಖದ ಕಡೆಗೂ ನೋಡದೆ ಮಡಿಲಿಗೆ ಎಸೆಯುತ್ತಿದ್ದರು. ಮಂಡಿನೋವು ಬಂದು ಅವರು ತಿಪಟೂರಿನ ಮಗಳ ಮನೆಗೆ ಹೊರಟಾಗ ಗುರುಶಾಂತಪ್ಪನವರು ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿ, "ಮುನಿಲಕ್ಷ್ಮಮ್ಮ, ಇಲ್ಲಿ ಬಾಮ್ಮ" ಎಂದರು.

ಮುನಿಲಕ್ಷ್ಮಮ್ಮನಿಗೆ ಆಗ ಮೂವತ್ತೊಂದು. ನಾಲ್ಕನೇ ಕ್ಲಾಸು ಓದಿದ್ದಳು. ಪರಮಶಿವಯ್ಯನವರು ಊರಿಗೆ ಹೋದಾಗಲೆಲ್ಲ ಶೆಡ್ಡು ನೋಡಿಕೊಂಡವಳು ಅವಳೇ. ಆಷಾಢದ ಮಳೆಯಲ್ಲಿ ಶೀಟು ಸೋರಿದಾಗ ಇಡೀ ಸರಕನ್ನು ಒಳಗೆ ಸಾಗಿಸಿ ಉಳಿಸಿದವಳೂ ಅವಳೇ. ಸಾಹುಕಾರರು ಇದನ್ನು ಮರೆತಿರಲಿಲ್ಲ. ಆದರೆ ಸಾಹುಕಾರರು ಸಾಹುಕಾರರೇ ನೋಡಿ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

"ಮದ್ರಾಸಿನ ದಸರಾ ಆರ್ಡರ್ ಮುಗಿಯೋವರ್ಗೂ ನೋಡೋಣ. ಅಲ್ಲಿಂದ ಸರಕು ವಾಪಸ್ ಬರ್ಲಿಲ್ಲ ಅಂದ್ರೆ ಮುಕ್ಕಾಲಿ ನಿಂದೇ. ಬಂತೋ, ಪರಮಶಿವಯ್ಯನ ತಮ್ಮನ ಮಗ ಕಾಯ್ತಾವ್ನೆ. ಆಮೇಲೆ ಹೆಂಗಸರ ಕೈಗೆ ಮೇಸ್ತ್ರಿ ಕೆಲಸ ಕೊಡೋ ಮಾತೇ ಇಲ್ಲ."

ಆ ಕೊನೆಯ ಮಾತು ಮುನಿಲಕ್ಷ್ಮಮ್ಮನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು. ಸೋತರೆ ಅವಳೊಬ್ಬಳೇ ಸೋತಂತಲ್ಲ. ಅವಳ ಹಿಂದೆ ಕೂತ ಇಪ್ಪತ್ತೆಂಟು ಜನರಲ್ಲಿ ಯಾರಿಗೂ ಆ ಮುಕ್ಕಾಲಿ ಇನ್ನು ಸಿಗುವುದಿಲ್ಲ. ಆದರೂ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಸುಳ್ಳೇಕೆ ಹೇಳಲಿ, ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು.

ಮೊದಲ ದಿನವೇ ಅವಳೊಂದು ಹೊಸ ಪದ್ಧತಿ ಮಾಡಿದಳು. ಏಯ್ ಗೀಯ್ ಇಲ್ಲ, ಎಲ್ಲರನ್ನೂ ಹೆಸರು ಹಿಡಿದು ಕರೆಯುವುದು. "ಮಂಗಮ್ಮ!" ಎಂದಳು. ಇಷ್ಟು ವರ್ಷ "ಮೂಗುತಿ" ಆಗಿದ್ದ ಮಂಗಮ್ಮ ಒಂದು ಗಳಿಗೆ ತನ್ನ ಹಿಂದೆ ತಿರುಗಿ ನೋಡಿ, ಕರೆದದ್ದು ತನ್ನನ್ನೇ ಎಂದು ಗೊತ್ತಾಗಿ, ಮದುವಣಗಿತ್ತಿಯಂತೆ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. "ಮುನಿವೆಂಕಟಮ್ಮ!" ಎಂದಾಗ ಆ ಮುದುಕಿಗೆ ಕಣ್ಣಲ್ಲಿ ನೀರೇ ಬಂತು. ಶೆಡ್ಡಿನಲ್ಲಿ ಹಬ್ಬದ ಕಳೆ.

ಕರೆಯುತ್ತ ಕರೆಯುತ್ತ ಸರದಿ ಶೆಡ್ಡಿನ ಕಂಬದ ಹತ್ತಿರಕ್ಕೆ ಬಂತು. ಅಲ್ಲಿ ಕೂತಿದ್ದವರು ನಾರಾಯಣಮ್ಮ. ಶೆಡ್ಡಿಗೆಲ್ಲ ಎತ್ತಿದ ಕೈ. ಇಪ್ಪತ್ತು ವರ್ಷದಿಂದ ಬತ್ತಿ ಹೊಸೆದವರು. ಮುನಿಲಕ್ಷ್ಮಮ್ಮನ ಕೈ ಹಿಡಿದು ಈ ಕೆಲಸ ಕಲಿಸಿದವರೂ ಅವರೇ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆಕೆ ಮುನಿಲಕ್ಷ್ಮಮ್ಮನ ಅತ್ತೆ, ಗಂಡನ ಹೆತ್ತತಾಯಿ.

ಗಂಡನ ಹೆಸರು, ಅತ್ತೆಮಾವಂದಿರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಹದಿನೈದು ವರ್ಷದಿಂದ ಮುನಿಲಕ್ಷ್ಮಮ್ಮ ಈ ಕಟ್ಟಳೆಯನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದಳೆಂದರೆ, ಭಜನೆಯಲ್ಲಿ ಎಲ್ಲರೂ "ನಾರಾಯಣ, ನಾರಾಯಣ" ಎಂದಾಗ ಇವಳು "ಶಿವ ಶಿವ" ಎನ್ನುತ್ತಿದ್ದಳು. ಅತ್ತೆ ನೆಲದ ಮೇಲೆ ಕೂತಿದ್ದರೆ ಇವಳು ಜಗಲಿಯ ಮೇಲೂ ಕೂತವಳಲ್ಲ. ಈಗ ನೋಡಿದರೆ ಅತ್ತೆ ನೆಲದ ಮೇಲೆ, ತಾನು ಮುಕ್ಕಾಲಿಯ ಮೇಲೆ! ಅದೇ ಸಾಲದು ಅಂತ ಹೆಸರು ಬೇರೆ ಕೂಗಬೇಕೆ? ಅಯ್ಯೋ ಶಿವನೇ!

ಅವಳು ತಲೆ ತಗ್ಗಿಸಿ, "ಮುಂದಿನೋರು ಬನ್ನಿ" ಎಂದಳು. ಅತ್ತೆ ಎದ್ದು ಬಂದರು. ಮುನಿಲಕ್ಷ್ಮಮ್ಮ ಮುಕ್ಕಾಲಿಯಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಕಟ್ಟು ತೆಗೆದುಕೊಂಡು, ಬಿಚ್ಚದೆ, ನೋಡದೆ, ಹೂವಿನಂತೆ ಬುಟ್ಟಿಗಿಟ್ಟಳು. ಅತ್ತೆಯ ಕೆಲಸ ಪರೀಕ್ಷೆ ಮಾಡಲು ತಾನು ಯಾವ ಊರ ದೊಡ್ಡವಳು? ಮರ್ಯಾದೆ ಉಳಿಯಿತು ಅಂದುಕೊಂಡು ನಿಟ್ಟುಸಿರುಬಿಟ್ಟಳು. ಅತ್ತೆ ಮಾತ್ರ ಒಂದು ಗಳಿಗೆ ಅಲ್ಲೇ ನಿಂತು, ಬುಟ್ಟಿಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ, ಹೋಗಿ ಕೂತರು.

ನಾಲ್ಕನೇ ದಿನ ಬೆಳಿಗ್ಗೆ, ರಾತ್ರಿ ಒಣಗಿ ಬಿರಿಯದಿರಲೆಂದು ಮುಚ್ಚಿದ್ದ ಒದ್ದೆ ಗೋಣಿ ತೆಗೆದು ಬತ್ತಿ ಒಣಹಾಕಲು ಹೋದ ಮುನಿಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು. ಕೆಂಪಂಚಿನ ಹರಕಿನಿಂದ ಕಟ್ಟಿದ ಕಟ್ಟಿನಲ್ಲಿ ಒಂದು ಬತ್ತಿ ನೇಗಿಲ ಮೇಣಿಯಂತೆ ದಪ್ಪ, ಇನ್ನೊಂದು ನಡುವೆ ಬೋಳು, ಮತ್ತೊಂದು ಸೊಟ್ಟ. ಆ ಕೆಂಪಂಚು ಅತ್ತೆಯದು! ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ಇದು ಅತ್ತೆಯ ಕೈಕೆಲಸವೇ? ಕೂಡಲೇ ಅವಳಿಗೆ ಹೊಳೆದದ್ದು ಒಂದೇ. ಅತ್ತೆಯ ಕಣ್ಣು ಹೋಗಿದೆ. ಪಾಪ, ಹೇಳಿಕೊಳ್ಳಲಾರದೆ ಒದ್ದಾಡುತ್ತಿದ್ದಾರೆ.

ವಾಪಸ್ಸು ಮಾಡಿದರೆ ಅತ್ತೆಯ ಮಾನ ಹೋಗುತ್ತದೆ, ಮದ್ರಾಸಿಗೆ ಕಳಿಸಿದರೆ ತನ್ನ ಮುಕ್ಕಾಲಿ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಸುತ್ತ ನೋಡಿ, ಇನ್ನೂ ಹಸಿಯಾಗಿದ್ದ ಬತ್ತಿಗಳ ಮಸಾಲೆಯನ್ನು ಬಿಡಿಸಿ, ನಾದಿ, ನೂರನ್ನೂ ತಾನೇ ಹೊಸದಾಗಿ ಹೊಸೆದು, ಅದೇ ಕೆಂಪಂಚಿನಲ್ಲಿ ಕಟ್ಟಿಟ್ಟಳು. ಅಂದಿನಿಂದ ದಿನಾ ಬೆಳಿಗ್ಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಬೀಗ ತೆಗೆಯುವುದು, ಅತ್ತೆಯ ಕಟ್ಟುಗಳನ್ನು ಹುಡುಕಿ ಹೊಸೆಯುವುದು. ಮನೆಯಲ್ಲಿ ಅತ್ತೆಗೆ ಹೊನಗೊನೆ ಸೊಪ್ಪಿನ ಸಾರು, ಮಾರನೇ ದಿನ ಹೊನಗೊನೆ ಸೊಪ್ಪಿನ ಪಲ್ಯ, ಆಮೇಲೆ ಮಸ್ಸೊಪ್ಪು, ಅದೂ ಹೊನಗೊನೆಯದೇ. ಕಣ್ಣಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲವಲ್ಲ. ಅತ್ತೆ ತಟ್ಟೆಯನ್ನು ನೋಡುವರು, ಸೊಸೆಯನ್ನು ನೋಡುವರು, ಮುದ್ದೆ ಮುರಿದು ನುಂಗುವರು.

ಎಷ್ಟು ಔಷಧಿ ತಿನ್ನಿಸಿದರೂ ಬತ್ತಿ ಮಾತ್ರ ದಿನದಿಂದ ದಿನಕ್ಕೆ ದಪ್ಪವಾಗುತ್ತಲೇ ಹೋಯಿತು.

ಹತ್ತನೇ ದಿನ ಮಂಗಳವಾರ. ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಬೆಳಿಗ್ಗೆಯೇ ಬಂದಿದ್ದ ಮಂಗಮ್ಮ, ಶೆಡ್ಡಿನ ಬಾಗಿಲು ತೆಗೆದಿದ್ದು ಕಂಡು ಒಳಗೆ ಇಣುಕಿದಳು. ಮೇಸ್ತ್ರಮ್ಮ ನೆಲದ ಮೇಲೆ ಕೂತು ಅತ್ತೆಯ ಕಟ್ಟು ಹೊಸೆಯುತ್ತಿದ್ದಾಳೆ! ಹಿಂದಿನ ಸಂಜೆಯಷ್ಟೇ ಮಂಗಮ್ಮನ ಎರಡು ಕಟ್ಟು ವಾಪಸ್ಸಾಗಿದ್ದವು. ಕೇಳಬೇಕೆ?

"ಓಹೋ! ಅತ್ತೆಗೊಂದು ನ್ಯಾಯ, ನಮಗೊಂದು ನ್ಯಾಯಾನಾ? ಹೆಸರು ಹಿಡ್ದು ಕರ್ದು ವಾಪಸ್ ಮಾಡೋಕೆ ನಾವು, ಮಡಿಲಲ್ಲಿಟ್ಕೊಂಡು ಹೊಸ್ಕೊಡೋಕೆ ಅತ್ತೆ! ಆ ಪರಮಶಿವಯ್ಯನೇ ವಾಸಿ ಕಣಮ್ಮಿ. ಬೈದ್ರೂ ಎಲ್ಲಾರ್ನೂ ಒಂದೇ ಸಮ ಬೈತಿದ್ದ."

"ಮಂಗಕ್ಕಾ, ಮೆಲ್ಲಗೆ ಮಾತಾಡು. ಅವ್ರ ಕಣ್ಣು..."

"ನನಗೂ ಕಣ್ಣೈತೆ. ಕಂಡೆ, ಬಿಡು!"

ಮಂಗಮ್ಮನ ಬಾಯಿಗೆ ಬಿದ್ದ ಸುದ್ದಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಇಪ್ಪತ್ತೆಂಟೂ ಜನರ ಕಿವಿಗೆ ಬಿದ್ದಿತ್ತು. ಸಂಜೆ ಮುನಿಲಕ್ಷ್ಮಮ್ಮ ಕಟ್ಟು ಬಿಚ್ಚಿದರೆ, ಎಲ್ಲರದೂ ದಪ್ಪ, ಎಲ್ಲರದೂ ಬೋಳು, ಎಲ್ಲರದೂ ಸೊಟ್ಟ. "ವಾಪಸ್ಸು" ಎಂದರೆ ಯಾರೂ ತೆಗೆದುಕೊಳ್ಳಲಿಲ್ಲ. "ಇರ್ಲಿ ಮೇಸ್ತ್ರಮ್ಮ, ನಾಳೆ ಬೇಗ ಬಂದು ನಮ್ದೂ ಹೊಸ್ದುಬಿಡು" ಎಂದು ನಗುತ್ತ, ಕಟ್ಟುಗಳನ್ನು ಮುಕ್ಕಾಲಿಯ ಕೆಳಗೆ ರಾಶಿ ಹಾಕಿ ನಡೆದರು. ನಾರಾಯಣಮ್ಮ ಇದನ್ನೆಲ್ಲ ನೋಡುತ್ತಲೇ ಬುತ್ತಿ ಗಂಟು ಎತ್ತಿಕೊಂಡರು. ಮರುದಿನ ಸಂಜೆ ಸರಕು ನೋಡಲು ಸಾಹುಕಾರರು ಬರುವವರಿದ್ದರು.

ಅಂದು ಗಂಡ ಚಿಕ್ಕಬೈರಪ್ಪ ಕಲ್ಲಿನ ಕೆಲಸದಿಂದ ಬಂದು ಕೈಕಾಲು ತೊಳೆಯುವಾಗ ಅವಳು ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಕೊಂಡಳು. ಅವನು ಕೆಟ್ಟವನಲ್ಲ, ಆದರೆ ಅವ್ವನ ಮಗ.

"ಬಿಟ್ಬಿಡು ಅತ್ಲಾಗೆ. ಮೊದ್ಲಿನಂಗೆ ಹೊಸ್ಕೊಂಡಿರು. ಸೊಸೆಯಾದೋಳು ಎಲ್ಲಾರ ಮುಂದೆ ಅವ್ವನ ಹೆಸರಿಡ್ದು ಕೂಗೋದು, ಅವ್ವನ ಕೆಲ್ಸ ವಾಪಸ್ ಕೊಡೋದು ಅಂದ್ರೇನು? ಊರು ಉಗೀತದೆ."

ಹದಿನೈದು ವರ್ಷದಲ್ಲಿ ಅವನ ಮಾತಿಗೆ ಅವಳು "ಹೂಂ" ಅನ್ನದೇ ಇದ್ದದ್ದು ಅದೇ ಮೊದಲು.

ಮಾರನೇ ದಿನ ಬೆಳಿಗ್ಗೆ ಹೊಸಕೆರೆಯ ಏರಿಯ ಮೇಲೆ ಒಬ್ಬಳೇ ನಡೆಯುತ್ತ ಮುನಿಲಕ್ಷ್ಮಮ್ಮ ಬಾಯಿ ಅಭ್ಯಾಸ ಮಾಡಿದಳು. "ನಾ..." ಎಂದಳು, ಹಿಂದೆ ತಿರುಗಿ ನೋಡಿದಳು. "ನಾರಾ..." ಎಂದಳು, ಮೈ ಬೆವರಿತು. ಏರಿಯ ಕೆಳಗೆ ಮೇಯುತ್ತಿದ್ದ ಎಮ್ಮೆಯೊಂದು ತಲೆಯೆತ್ತಿ ನೋಡಿತು. ಅದರ ಮುಂದೆಯೂ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಳು. ಬೀಗ ತೆಗೆದು, ಖಾಲಿ ಶೆಡ್ಡಿನೊಳಗೆ ನಿಂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಪೂರ್ತಿ ಹೆಸರು ಹೇಳಿದಳು. ತಗಡಿನ ಸೂರು ಬೀಳಲಿಲ್ಲ. ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸಿದ್ದು ಬಿಟ್ಟರೆ ಅಂದು ಅವಳು ಯಾರ ಕಟ್ಟನ್ನೂ ಮುಟ್ಟಲಿಲ್ಲ.

ಸಂಜೆ ಗುರುಶಾಂತಪ್ಪನವರು ಕೊಡೆ ಊರಿಕೊಂಡು ಬಂದು ಮುಕ್ಕಾಲಿಯ ಪಕ್ಕ ನಿಂತರು. ಮಂಗಮ್ಮ ಮೂಗುತಿ ತಿರುಗಿಸುತ್ತ ತಮಾಷೆ ನೋಡಲು ತಯಾರಾಗಿ ಕೂತಿದ್ದಳು. ಸಾಲು ಯಾವಾಗಲೂ ಬಾಗಿಲ ಕಡೆಯಿಂದ ಶುರುವಾಗುತ್ತಿತ್ತು. ಅಂದು ಮುನಿಲಕ್ಷ್ಮಮ್ಮ ಬಾಗಿಲ ಕಡೆ ನೋಡಲೇ ಇಲ್ಲ.

"ನಾರಾಯಣಮ್ಮ!"

ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಹಲಗೆಗಳ ಸದ್ದು ಗಕ್ಕನೆ ನಿಂತಿತು. ಯಾರೋ ಒಬ್ಬಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾರಾಯಣಮ್ಮ ನಿಧಾನವಾಗಿ ಎದ್ದರು. ಸೆರಗು ಸರಿಮಾಡಿಕೊಂಡು, ಕಟ್ಟು ತಂದು ಮುಂದೆ ಹಿಡಿದರು. ಮುನಿಲಕ್ಷ್ಮಮ್ಮ ಈ ಸಲ ಏಳಲಿಲ್ಲ. ಕೆಂಪಂಚು ಬಿಚ್ಚಿ, ಬತ್ತಿಗಳನ್ನು ಅಂಗೈಯಲ್ಲಿ ಹರಡಿ, ಒಂದೊಂದನ್ನೇ ತೆಗೆದು ತೋರಿಸಿದಳು.

"ಇದು ದಪ್ಪ. ಇದು ಬೋಳು. ಇದು ಸೊಟ್ಟ. ವಾಪಸ್ಸು." ಇಷ್ಟು ಹೇಳಿ ಅವಳು ಪರಮಶಿವಯ್ಯನಂತೆ ಎಸೆಯದೆ, ಕಟ್ಟನ್ನು ಬಲಗೈಯಲ್ಲಿ ಅತ್ತೆಯ ಕೈಗೇ ಕೊಟ್ಟಳು. ಕೊಟ್ಟವಳಿಗೆ ಕಣ್ಣು ತುಂಬಿ ಬಂತು.

ನಾರಾಯಣಮ್ಮ ಕಟ್ಟು ಹಿಡಿದುಕೊಂಡು ಸೊಸೆಯನ್ನೇ ನೋಡಿದರು. "ಅಬ್ಬಾ!" ಎಂದರು. "ಹತ್ತು ದಿನ ಬೇಕಾಯ್ತಲ್ಲೇ ನಿಂಗೆ ಬಾಯಿ ಬಿಡೋಕೆ!"

"ಅತ್ತೇ..."

"ಏನು ಅತ್ತೆ? ಮೊದಲ್ನೇ ದಿನ ಎಲ್ಲಾರ ಹೆಸರೂ ಕರ್ದೆ. ಆ ಮುನಿವೆಂಕಟಿ ಹೆಸರೂ ಕರ್ದೆ. ನಂದು ಬಂದಾಗ ಮುಂದಿನೋರು ಅಂದೆ! ಹದಿನಾಲ್ಕು ವರ್ಷ ಆ ಮನುಷ್ಯನ ಕೈಲಿ ಹೊಸಕೆರೆಹಳ್ಳಿ ಅನ್ನಿಸ್ಕೊಂಡೆ. ಇವತ್ತಾದ್ರೂ ನಾರಾಯಣಮ್ಮ ಅನ್ನಿಸ್ಕೊತೀನಿ ಅಂತ ಕಾದು ಕೂತಿದ್ದೆ ಕಣೇ. ಹೋಗ್ಲಿ, ಹೆಸರು ಬೇಡ. ನಾನು ಹೊಸ್ದಿದ್ನ ಬಿಚ್ಚಿ ನೋಡ್ದೆಯಾ? ಇಪ್ಪತ್ತು ವರ್ಷದ ಕೈ ಇದು. ಆ ದಿನ ನೂರಕ್ಕೆ ನೂರು ಮುತ್ತಿನಂಗೆ ಹೊಸ್ದಿದ್ದೆ. ನೋಡ್ಲೇ ಇಲ್ಲ ನೀನು. ಹೆಣಕ್ಕೆ ಹೂವು ಹಾಕ್ದಂಗೆ ಬುಟ್ಟಿಗೆ ಹಾಕ್ದೆ! ಸರಿ, ನೋಡ್ದೇ ಇರೋಳಿಗೆ ಚೆಂದಾಗಿ ಯಾಕೆ ಹೊಸೀಬೇಕು? ದಪ್ಪ ಮಾಡ್ದೆ. ಆವಾಗ್ಲೂ ಬಾಯಿ ಬಿಡ್ಲಿಲ್ಲ. ಇನ್ನೂ ದಪ್ಪ ಮಾಡ್ದೆ."

"ಬೇಕಂತ್ಲೇ ಮಾಡಿದ್ರಾ? ನಾನು ನಿಮ್ಮ ಕಣ್ಣು ಹೋಯ್ತು ಅಂದ್ಕೊಂಡು..."

"ಕಣ್ಣಾ?" ನಾರಾಯಣಮ್ಮ ಸೊಂಟದ ಮೇಲೆ ಕೈ ಇಟ್ಟರು. "ಓ, ಅದಕ್ಕಾ ದಿನಾ ಹೊನಗೊನೆ ಸೊಪ್ಪು! ಹೊಟ್ಟೆಯೆಲ್ಲಾ ಹಸಿರಾಯ್ತಲ್ಲೇ! ನನ್ನ ಕಣ್ಣು ಚೆಂದಾಗೈತೆ. ಸಾವ್ಕಾರ್ರ ಅಂಗಿ ಎರಡ್ನೇ ಗುಂಡಿ ಹೋಗಿರೋದು ಆ ಕಂಬದ ತಾವಿಂದ್ಲೇ ಕಾಣ್ತದೆ."

ಗುರುಶಾಂತಪ್ಪನವರು ತಟ್ಟನೆ ಎದೆ ಮುಟ್ಟಿ ನೋಡಿಕೊಂಡರು. ಗುಂಡಿ ಇರಲಿಲ್ಲ. ಮೊದಲು ನಕ್ಕವಳು ಮಂಗಮ್ಮ. ಅವಳ ನಗು ಶೆಡ್ಡಿಗೆಲ್ಲ ಅಂಟಿಕೊಂಡು, ತಗಡು ಹಾರುವಷ್ಟು ನಕ್ಕರು ಹೆಂಗಸರು. ಮುನಿಲಕ್ಷ್ಮಮ್ಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಡುನಡುವೆ ನಕ್ಕಳು. ಹತ್ತು ದಿನದಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಕೆರೆಗೆ ಹಾಕಿದಷ್ಟು ಹಗುರವಾಗಿತ್ತು ಅವಳಿಗೆ.

ಮಂಗಮ್ಮ ಎದ್ದು ಬಂದು, ಹೆಸರು ಕರೆಯುವ ಮೊದಲೇ ರಾಶಿಯಿಂದ ತನ್ನ ಕಟ್ಟು ಹುಡುಕಿ ತೆಗೆದುಕೊಂಡಳು. "ನಂದು ನಾನೇ ವಾಪಸ್ ತಗೋತೀನಿ ಮೇಸ್ತ್ರಮ್ಮ. ಇದು ಬತ್ತಿ ಅಲ್ಲ, ಒನಕೆ" ಎಂದಳು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಅಂದು ಅರ್ಧ ಗಂಟೆ ಹೆಚ್ಚಿಗೆ ಕೂತು ಕೈಲಾದಷ್ಟು ಹೊಸೆದು, ಉಳಿದದ್ದನ್ನು ಒದ್ದೆ ಗೋಣಿ ಮುಚ್ಚಿಟ್ಟು ಹೋದರು. ಗುರುಶಾಂತಪ್ಪನವರು ಕೊಡೆಯನ್ನು ಎದೆಗೆ ಅಡ್ಡ ಹಿಡಿದುಕೊಂಡು ಜಾಗ ಖಾಲಿ ಮಾಡಿದರು.

ದಾರಿಯಲ್ಲಿ ಅತ್ತೆ ಮುಂದೆ, ಸೊಸೆ ಹಿಂದೆ. ಕೆರೆ ಏರಿ ಹತ್ತುತ್ತ ಸೊಸೆಯೇ ಕೇಳಿದಳು.

"ಅತ್ತೆ, ಬೇಜಾರಾಯ್ತಾ? ಎಲ್ಲಾರ ಮುಂದೆ ವಾಪಸ್ ಕೊಟ್ಟೆ."

"ಬೇಜಾರು ಹತ್ತು ದಿನದಿಂದಿತ್ತು. ಇವತ್ತು ಹೋಯ್ತು. ಆ ಶೆಡ್ಡಿನ ಗೇಟಿನೊಳಗೆ ನಾನು ನಾರಾಯಣಮ್ಮ. ಮನೇಲಿ ಅತ್ತೆ. ಮನೇಲಿ ಹೆಸರುಗಿಸರು ಎತ್ತೀಯ ಮತ್ತೆ, ಹಲ್ಲು ಉದುರಿಸ್ತೀನಿ!"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇವರಿಬ್ಬರು ಕಾಲವನ್ನು ಗೇಟಿನ ಹತ್ತಿರ ಸಮಪಾಲು ಮಾಡಿಕೊಂಡರು. ಚಿಕ್ಕಬೈರಪ್ಪ ಮನೆಯಲ್ಲಿ "ಅದೇನವ್ವ, ಸೊಸೆ ನಿನ್ನ ಹೆಸರಿಡ್ದು ಕೂಗಿದ್ಲಂತೆ?" ಎಂದು ಮೀಸೆ ತಿರುವಿದಾಗ, ನಾರಾಯಣಮ್ಮನೇ "ಮತ್ತೆ ನಿನ್ನ ಹೆಸರಿಡ್ದು ಕೂಗಕ್ಕಾಗ್ತದಾ? ನೀನು ಬತ್ತಿ ಹೊಸೀತೀಯಾ?" ಎಂದು ಅವನ ಬಾಯಿ ಮುಚ್ಚಿಸಿದರು.

ಮರುದಿನ ಸಂಜೆ ಮೊದಲ ಹೆಸರು ಅವರದೇ. ಮುನಿಲಕ್ಷ್ಮಮ್ಮ ಕೆಂಪಂಚು ಬಿಚ್ಚಿ ನೋಡಿದಳು. ನೂರೂ ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. ಕಣ್ಣು ತಣ್ಣಗಾಯಿತು. ಬುಟ್ಟಿಗಿಡಲು ಹೋದವಳು ಏನೋ ನೆನಪಾಗಿ ತಡೆದು, ಮತ್ತೊಮ್ಮೆ ಒಂದೊಂದಾಗಿ ಬೆರಳಾಡಿಸಿದಳು. ಎಪ್ಪತ್ತರ ಹತ್ತಿರ ಒಂದು ಬತ್ತಿ ಬುಡದಲ್ಲಿ ಕೂದಲೆಳೆಯಷ್ಟು ದಪ್ಪ. ಎಳೆದು ತೆಗೆದಳು.

"ಸಿಕ್ತಾ?" ಎಂದರು ಅತ್ತೆ, ಮುಖದಲ್ಲಿ ಏನನ್ನೂ ತೋರಿಸದೆ.

"ಸಿಕ್ತು, ನಾರಾಯಣಮ್ಮ."

"ಹಂಗಾದ್ರೆ ಸರಿ." ಆಕೆ ಹೋಗಿ ಕೂತರು. ಆಮೇಲೆ ದಿನವೂ ಆ ಕಟ್ಟಿನಲ್ಲಿ ಒಂದು ಕಳ್ಳ ಬತ್ತಿ ಇರುತ್ತಿತ್ತು, ದಿನವೂ ಮೇಸ್ತ್ರಮ್ಮನಿಗೆ ಸಿಗುತ್ತಿತ್ತು.

ದಸರೆ ಕಳೆಯಿತು. ಮದ್ರಾಸಿನಿಂದ ಒಂದು ಪೆಟ್ಟಿಗೆಯೂ ವಾಪಸ್ಸು ಬರಲಿಲ್ಲ. ಬಂದದ್ದು ಇನ್ನೊಂದು ಆರ್ಡರು. ಗುರುಶಾಂತಪ್ಪನವರು ಹೊಗಳುವ ಜಾತಿಯವರಲ್ಲ. ಹೊಸ ಗುಂಡಿ ಹೊಲಿಸಿದ ಅಂಗಿ ತೊಟ್ಟು ಬಂದು, "ಆ ಪರಮಶಿವಯ್ಯನ ತಮ್ಮನ ಮಗನಿಗೆ ಬೇರೆ ಕಡೆ ನೋಡ್ಕೋ ಅಂತ ಕಾಗದ ಹಾಕ್ದೆ" ಎಂದಷ್ಟೇ ಹೇಳಿದರು. ಮುನಿಲಕ್ಷ್ಮಮ್ಮನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಐದು ವರ್ಷ ಕಳೆದ ಮೇಲೆ ಉತ್ತರಹಳ್ಳಿಯಲ್ಲಿ ಎರಡನೇ ಶೆಡ್ಡು ಎದ್ದಿತು. ಮೇಸ್ತ್ರಿ ಯಾರೆಂದು ಸಾಹುಕಾರರು ಕೇಳಿದಾಗ ಮುನಿಲಕ್ಷ್ಮಮ್ಮ ಎರಡು ಸಲ ಯೋಚಿಸಲಿಲ್ಲ. ಮಂಗಮ್ಮನ ಹೆಸರು ಹೇಳಿದಳು. ಹೊರಡುವ ಹಿಂದಿನ ಸಂಜೆ ಮಂಗಮ್ಮ ಮೂಗುತಿ ತಿರುಗಿಸುತ್ತ ಮುಕ್ಕಾಲಿಯ ಹತ್ತಿರ ಬಂದು ನಿಂತಳು. ಬಾಯಿಬಡಕಿಯ ಬಾಯಿ ಒಣಗಿತ್ತು.

"ಮೇಸ್ತ್ರಮ್ಮ, ಅಲ್ಲಿಗೆ ನಮ್ಮತ್ತೇನೂ ಬತ್ತಿ ಹೊಸೆಯೋಕೆ ಬರ್ತಾವ್ರೆ. ನಾನೇನು ಮಾಡ್ಲಿ?"

"ಮೊದಲ್ನೇ ಹೆಸರು ಅವ್ರದ್ದೇ ಕೂಗು. ಕಟ್ಟು ಪೂರ್ತಿ ಬಿಚ್ಚಿ ನೋಡು."

ಮಂಗಮ್ಮ ತಲೆಯಾಡಿಸಿ, ಒಂದು ಕ್ಷಣ ಯೋಚಿಸಿ, "ಹೊನಗೊನೆ ಸೊಪ್ಪು?" ಎಂದಳು.

"ಬೇಡ!" ಎಂದು ಕಂಬದ ಹತ್ತಿರದಿಂದ ಕೂಗಿದರು ನಾರಾಯಣಮ್ಮ.